ಇಂಜಿನಿಗೊಂದು ಕಿವಿ

ಈ ಸಂಚಿಕೆಗೆ ನಿಮ್ಮ ಕಸುಬಿನ ವಿಷಯವನ್ನೇ ಬರೆದುಕೊಡಿ ಎಂದು ಸಂಪಾದಕರು ಹೇಳಿದಾಗ ನಮಗೆ ನಗು ಬಂತು. ಹಬ್ಬದೂಟ, ಮಕ್ಕಳ ನಾಟಕಗಳ ವರದಿಯ ನಡುವೆ ಡೀಸೆಲಿನ ವಾಸನೆಯೇ? ಆದರೆ ಬಿನ್ ಮಹಮೂದಿನಲ್ಲಿ ಸಂಸಾರ ಹೂಡಿದವರಿಗೆ ಜನರೇಟರಿನ ಸದ್ದು ಹೊಸದಲ್ಲ. 2019ರಲ್ಲಿ ಮೆಟ್ರೊ ಓಡತೊಡಗುವ ಮುಂಚೆ ಈ ಕಡೆ ಅಗೆತ, ಕಟ್ಟೋಣಗಳ ಗದ್ದಲ ಬಹಳ. ರಾತ್ರಿ ಆ ಸದ್ದು ಕೊಂಚ ಏರಿಳಿದರೆ ಸಾಕು, ನಮಗೆ ಎಚ್ಚರ. "ಅದು ನಿಮ್ಮದಲ್ಲ, ಸುಮ್ಮನೆ ಮಲಗಿ" ಎಂದು ಮನೆಯವರ ಗದರಿಕೆ.

ತಂದೆಯವರು ತೋಟದಲ್ಲಿ ಇಟ್ಟಿದ್ದ ಐದು ಅಶ್ವಶಕ್ತಿಯ ಕಿರ್ಲೋಸ್ಕರ್ ಇಂಜಿನನ್ನು ನೋಡುತ್ತ ಬೆಳೆದವರು ನಾವು. ಅದರ ಬುದ್ಧಿಯೆಲ್ಲ ಗವರ್ನರಿನ ತೂಕದ ಗುಂಡುಗಳಲ್ಲಿ. ಇಂಜಿನು ಜೋರಾದರೆ ಗುಂಡುಗಳು ಹೊರಕ್ಕೆ ಸರಿದು ಡೀಸೆಲನ್ನು ತಗ್ಗಿಸುತ್ತವೆ. ನಿಧಾನವಾದರೆ ಒಳಕ್ಕೆ ಬಂದು ಹೆಚ್ಚಿಸುತ್ತವೆ. ಜೇಮ್ಸ್ ವಾಟನು 1788ರಲ್ಲಿ ಉಗಿಯಂತ್ರಕ್ಕೆ ಜೋಡಿಸಿದ ಗವರ್ನರಿನ ವಂಶವೇ ಇದು. ಇನ್ನು ಡೀಸೆಲನ್ನು ಅಳೆದು ಒತ್ತುವ ಪಂಪು, ನಾಜಲ್‌ಗಳೆಂದರೆ ನಮ್ಮ ಕಡೆಯವರ ಬಾಯಲ್ಲಿ ಬರುವ ಹೆಸರು ಬೆಂಗಳೂರು ಆಡುಗೋಡಿಯ ಮೈಕೊ. 1951ರಲ್ಲಿ ಹುಟ್ಟಿದ ಆ ಕಂಪನಿಗೆ 2008ರಿಂದ ಬಾಷ್ ಎಂದೇ ಹೆಸರಾದರೂ ಹಳೆಯ ಮೇಸ್ತ್ರಿಗಳಿಗೆ ಅದು ಇನ್ನೂ ಮೈಕೊನೇ.

ಈಗಿನ ಇಂಜಿನಿನಲ್ಲಿ ಗುಂಡುಗಳಿಲ್ಲ. ಫ್ಲೈವ್ಹೀಲಿನ ಹಲ್ಲುಗಳ ಎದುರು ಹೆಬ್ಬೆರಳಿನಷ್ಟು ದಪ್ಪದ ಒಂದು ಸೆನ್ಸರು ಕೂತು, ಹಾದುಹೋಗುವ ಒಂದೊಂದು ಹಲ್ಲಿಗೂ ಒಂದು ಮಿಡಿತ ಕಳಿಸುತ್ತದೆ. ಐವತ್ತು ಸೈಕಲ್ಲಿನ ಕರೆಂಟಿಗಾಗಿ ನಮ್ಮ ಜನರೇಟರುಗಳು ನಿಮಿಷಕ್ಕೆ 1500 ಸುತ್ತು ತಿರುಗಬೇಕು. ಚಕ್ರಕ್ಕೆ 118 ಹಲ್ಲುಗಳೆಂದಿಟ್ಟುಕೊಳ್ಳಿ, ಸೆಕೆಂಡಿಗೆ 2950 ಮಿಡಿತ! ಅಷ್ಟನ್ನೂ ಎಣಿಸಿ ಕಂಪ್ಯೂಟರು ಎಣ್ಣೆಯ ಲೆಕ್ಕ ಹಾಕುತ್ತದೆ. ಮಾಳಿಗೆಯ ಟ್ಯಾಂಕಿನಿಂದ ಮನೆಮನೆಗೆ ನಲ್ಲಿ ಇರುವಂತೆ, ದಪ್ಪ ಕೊಳವೆಯೊಂದರಲ್ಲಿ ಡೀಸೆಲು ವಾಯುಭಾರದ ಸಾವಿರದೈನೂರು ಪಟ್ಟಿಗೂ ಮೀರಿದ ಒತ್ತಡದಲ್ಲಿ ಸಿದ್ಧವಾಗಿರುತ್ತದೆ. ವಿದ್ಯುತ್ತಿನಿಂದ ತೆರೆಯುವ ಇಂಜೆಕ್ಟರು ಸೆಕೆಂಡಿನ ಸಾವಿರದ ಒಂದೆರಡು ಪಾಲು ಮಾತ್ರ ಬಾಯಿ ಬಿಟ್ಟು ಮುಚ್ಚುತ್ತದೆ. ಥ್ರಾಟಲ್ ಅಂದರೆ ತಂತಿ ಕಟ್ಟಿ ಎಳೆಯುವ ಕಾಲವೂ ಹೋಯಿತು. ಗ್ಯಾಸ್ ಇಂಜಿನಿನಲ್ಲಾದರೆ ಗಾಳಿಯ ದಾರಿಯಲ್ಲಿರುವ ಬಿಲ್ಲೆಯನ್ನು ಸಣ್ಣ ಮೋಟಾರು ತಿರುಗಿಸುತ್ತದೆ. ಡೀಸೆಲಿನಲ್ಲಿ ಎಣ್ಣೆಯ ಅಳತೆಯೇ ಥ್ರಾಟಲು. ಹೊಗೆ ಕಡಿಮೆ, ಎಣ್ಣೆ ಉಳಿತಾಯ. ಇದನ್ನು ನಾವು ಹಳಿಯುವುದಿಲ್ಲ.

2016ರ ಆಗಸ್ಟ್. ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಮಿಕರ ಕ್ಯಾಂಪಿನಲ್ಲಿ ಇಂಥ ಇಂಜಿನೊಂದು ರಾತ್ರಿ ಹನ್ನೊಂದಕ್ಕೆ ನಿಂತುಹೋಯಿತು. ಮತ್ತೆ ಹೊರಡುತ್ತದೆ, ಹತ್ತು ನಿಮಿಷಕ್ಕೆ ಉಸಿರು ಹಿಡಿದಂತೆ ಏರಿಳಿದು ನಿಲ್ಲುತ್ತದೆ. ಏಸಿ ಇಲ್ಲದೆ ಇನ್ನೂರು ಮಂದಿ ಬನಿಯನ್ನಿನಲ್ಲಿ ಅಂಗಳಕ್ಕೆ ಬಂದು ಕೂತಿದ್ದರು. ಬೆಳಗಿನ ನಾಲ್ಕಕ್ಕೆ ಅವರ ಬಸ್ಸು. ನಾವು ಲ್ಯಾಪ್‌ಟಾಪ್ ಚುಚ್ಚಿದೆವು. ವೇಗದ ಸೆನ್ಸರಿನ ಸಂಕೇತ ತಪ್ಪುತ್ತಿದೆ ಎಂದಿತು. ಸೆನ್ಸರು ಬದಲಾಯಿಸಿದೆವು. ಮತ್ತೆ ಅದೇ. ಇನ್ನೊಂದು ಹೊಸದು ಹಾಕಿದೆವು. ಅದೂ ಅಷ್ಟೇ. ಅಂಗಳದಿಂದ ಯಾರೂ ಬೈಯಲಿಲ್ಲ, ನಮ್ಮನ್ನೇ ನೋಡುತ್ತ ಕೂತಿದ್ದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕೊನೆಗೆ ಮೇಸ್ತ್ರಿಯವರಿಗೆ ಫೋನು ಮಾಡಿದೆವು. ದಾವಣಗೆರೆಯಲ್ಲಿ ಪಂಪು-ನಾಜಲ್ ಕೆಲಸ ಕಲಿತು ಬಂದವರು, ಲ್ಯಾಪ್‌ಟಾಪ್ ಮುಟ್ಟಿದವರಲ್ಲ. ಬಂದವರು ಮಾಡಿದ್ದಿಷ್ಟೇ: ಒಂದು ಬೀಡಿ ಮುಗಿಯುವಷ್ಟು ಹೊತ್ತು ದೂರ ನಿಂತು ಕೇಳಿದರು.

"ಏಸಿಗಳು ಲೋಡ್ ತಗೊಂಡಾಗ ಮಾತ್ರ ಕೆಡ್ತತಿ ಅಲ್ರೀ?"

ಹೌದು! ನಾವು ಗಮನಿಸಿರಲಿಲ್ಲ.

"ಕಿವಿ ಕೇಳವಲ್ದು ಅಂತ ಕಂಪ್ಯೂಟ್ರು ಹೇಳ್ತು. ಕಿವಿ ಕೆಟ್ಟೈತೋ, ನರ ಕೆಟ್ಟೈತೋ, ಅದನ್ನ ನಾವು ನೋಡ್ಬೇಕಲ್ರೀ."

ಒಣ ಮರದ ಕಡ್ಡಿಯೊಂದನ್ನು ಹಿಡಿದು, ಸೆನ್ಸರಿನಿಂದ ಹೊರಟ ವಯರಿನ ಕಟ್ಟನ್ನು ಅಲ್ಲಲ್ಲಿ ಮೆಲ್ಲಗೆ ಒತ್ತುತ್ತ ಹೋದರು. ಒಂದು ಕಡೆ ಒತ್ತಿದ್ದೇ ತಡ, ಇಂಜಿನು ತಡವರಿಸಿತು. ಕಬ್ಬಿಣದ ಪಟ್ಟಿಯೊಂದಕ್ಕೆ ಉಜ್ಜಿ ಉಜ್ಜಿ ವಯರಿನ ಸಿಪ್ಪೆ ಸವೆದಿತ್ತು. ಲೋಡು ಬಿದ್ದಾಗ ಇಂಜಿನು ತನ್ನ ರಬ್ಬರ್ ಬುಡದ ಮೇಲೆ ಒಂದಿಷ್ಟು ವಾಲುತ್ತದೆ. ಆಗ ತಾಮ್ರ ಕಬ್ಬಿಣಕ್ಕೆ ತಾಗಿ ಮಿಡಿತ ತಪ್ಪುತ್ತದೆ. ಹೊಸ ವಯರು ಜೋಡಿಸಿ, ರಬ್ಬರ್ ಕೊಳವೆ ತೊಡಿಸಿ, ಪಟ್ಟಿಯಿಂದ ದೂರ ಕಟ್ಟಿದೆವು. ಎರಡೂವರೆಗೆ ಏಸಿಗಳು ಗುಂಯ್ ಎಂದವು. ಅಂಗಳ ಖಾಲಿಯಾಯಿತು. ಅವರಿಗೆ ದಕ್ಕಿದ್ದು ಒಂದೂವರೆ ಗಂಟೆಯ ನಿದ್ದೆ.

ಈಗ ಹೇಳಲೇಬೇಕಾದ ಮಾತು. ಅದಕ್ಕೂ ಎರಡು ವಾರ ಮೊದಲು, ಹೊಸ ಇಂಜಿನುಗಳಿಗೆ ಬೇಕಿಲ್ಲದವರ ಪಟ್ಟಿಯೊಂದು ಕೆಲಸದಲ್ಲಿ ತಯಾರಾಗಿತ್ತು. ಮೇಸ್ತ್ರಿಯವರ ಹೆಸರು ಅದರಲ್ಲಿತ್ತು. ಕೆಳಗೆ ನಮ್ಮ ಸಹಿಯೂ ಇತ್ತು. ಮರುದಿನ ಮೇಲಿನವರ ಬಳಿ ಹೋಗಿ ಹೆಸರು ತೆಗೆಯಿರೆಂದು ಕೇಳಿಕೊಂಡೆವು. ಟಿಕೆಟ್ಟು ಆಗಿಹೋಗಿದೆ ಎಂದರು. ಹೊರಡುವ ಮುನ್ನ ಮೇಸ್ತ್ರಿಯವರು ನಮ್ಮ ಮನೆಗೆ ಊಟಕ್ಕೆ ಬಂದಿದ್ದರು. ಸಹಿಯ ವಿಷಯ ಅವರಿಗೆ ಗೊತ್ತಿತ್ತೋ ಇಲ್ಲವೋ, ಎತ್ತಲಿಲ್ಲ. ಎರಡು ಸಲ ಸಾರು ಹಾಕಿಸಿಕೊಂಡರು.

ಈಗವರು ದಾವಣಗೆರೆಯಲ್ಲಿದ್ದಾರೆ. ಯಾವುದಾದರೂ ಇಂಜಿನು ನಮಗೆ ಬಗೆಹರಿಯದಿದ್ದರೆ ಫೋನು ಹಚ್ಚಿ ಅದರ ಪಕ್ಕ ಹಿಡಿಯುತ್ತೇವೆ. ಆ ಕಡೆಯಿಂದ ಒಂದಷ್ಟು ಹೊತ್ತು ಮಾತಿಲ್ಲ. ಆಮೇಲೆ, "ಹ್ಞೂಂ, ಲೋಡ್ ಹಾಕ್ರಿ ನೋಡೋಣ" ಎನ್ನುತ್ತಾರೆ.