ಬಿಳಿ ಪಂಚೆಯ ಮೇಲಿನ ಬೆತ್ಲೆಹೇಮು

ಎಂಬತ್ತರ ದಶಕದಲ್ಲಿ ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಆಚೀಚಿನ ಹಳ್ಳಿಗಳಲ್ಲಿ ಬೆಳೆದ ನಮ್ಮಂಥ ಕನ್ನಡ ಕಥೋಲಿಕರ ಮಕ್ಕಳಿಗೆ ಬೈಬಲ್ಲು ಕೈಗೆ ಬರುವ ಮೊದಲೇ ಯೇಸುಸ್ವಾಮಿ ಕಣ್ಣಿಗೆ ಬಿದ್ದಿದ್ದರು. ದೇವಾಲಯದ ಹಿಂದಿನ ಬಯಲಿನಲ್ಲಿ ಎರಡು ಗಳು ನೆಟ್ಟು, ಉಪದೇಶಿಗಳ ಮನೆಯ ಬಿಳಿ ಪಂಚೆಯನ್ನು ಬಿಗಿದು ಕಟ್ಟಿದರೆಂದರೆ ಅಂದು ರಾತ್ರಿ ಸಿನಿಮಾ. ಹದಿನಾರು ಮಿಲಿಮೀಟರಿನ ಪ್ರೊಜೆಕ್ಟರು ಜೀಪಿನಲ್ಲಿ ಬರುತ್ತಿತ್ತು. ಹಾದಿಯುದ್ದಕ್ಕೂ ಅದರ ಹಿಂದೆ ಓಡುವುದೇ ನಮಗೆ ಅರ್ಧ ಹಬ್ಬ. ಪಂಚೆಯ ಹಿಂಬದಿಗೆ ಕೂತವರಿಗೆ ಎಡದ್ದೆಲ್ಲ ಬಲಕ್ಕೆ, ಬಲದ್ದೆಲ್ಲ ಎಡಕ್ಕೆ ಕಾಣುತ್ತಿತ್ತು. ಆದರೂ ಅಲ್ಲೂ ಜಾಗಕ್ಕೆ ಜಗಳ. ನಮ್ಮ ಕೇರಿಯವರಷ್ಟೇ ಬರುತ್ತಿರಲಿಲ್ಲ. ಮೇಲಿನ ಬೀದಿಯ ಗೌಡರ ಮನೆಯವರು ಚಾಪೆ ಸುತ್ತಿಕೊಂಡು, ಮಲಗಿದ ಮಕ್ಕಳನ್ನು ಹೆಗಲಿಗೆ ಹಾಕಿಕೊಂಡು ಬಂದು ಕೂರುತ್ತಿದ್ದರು.

ಹೆಚ್ಚು ಸಲ ನೋಡಿದ್ದು 1979ರ ‘ಜೀಸಸ್’ ಚಿತ್ರ. ಬ್ರಯಾನ್ ಡೀಕನ್ ಎಂಬ ಇಂಗ್ಲಿಷ್ ನಟ ಯೇಸುವಾಗಿ ನಟಿಸಿದ್ದು. ಚಿತ್ರೀಕರಣ ಇಸ್ರೇಲಿನಲ್ಲಿ, ಮಾತು ಮಾತ್ರ ಕನ್ನಡದ್ದು. ಬೆತ್ಲೆಹೇಮಿನ ದೃಶ್ಯ ಬಂತು, ಕುರುಬರು ಬಂದರು, ಮಗುವನ್ನು ನೋಡಿದರು, ಕಥೆ ಮುಂದಕ್ಕೆ ಹೋಯಿತು. ನಾವು ಹುಡುಗರೆಲ್ಲ ಕಾಯುತ್ತಲೇ ಇದ್ದೆವು. ಒಂಟೆಗಳೆಲ್ಲಿ? ಮೂವರು ರಾಜರೆಲ್ಲಿ? ಪ್ರತಿ ಡಿಸೆಂಬರಿನಲ್ಲೂ ನಮ್ಮ ಗೋದಲಿಯಲ್ಲಿ ನಾವೇ ಸುಣ್ಣದ ಪುಡಿ ಚೆಲ್ಲಿ, ರಾಗಿ ಪೈರು ಬೆಳೆಸಿ, ದಾರಿ ಮಾಡಿ ನಿಲ್ಲಿಸುತ್ತಿದ್ದ ರಾಜರು! ಮರುದಿನ ಕೇಳಿದಾಗ ಉಪದೇಶಿಗಳು ನಮ್ಮನ್ನು ಜಗಲಿಯ ಮೇಲೆ ಕೂರಿಸಿ ಬಿಡಿಸಿ ಹೇಳಿದರು. ಆ ಚಿತ್ರ ಲೂಕನ ಶುಭಸಂದೇಶವನ್ನು ಹಿಡಿದು ನಡೆಯುತ್ತದೆ, ನಾವು ರಾಜರೆನ್ನುವ ಜೋಯಿಸರ ಕಥೆ ಇರುವುದು ಮತ್ತಾಯನಲ್ಲಿ, ಲೂಕನ ಕಣ್ಣು ಕುರಿ ಕಾಯುವವರ ಮೇಲೆ ಬಿತ್ತು, ಮತ್ತಾಯನ ಕಣ್ಣು ದೂರದಿಂದ ಬಂದವರ ಮೇಲೆ ಬಿತ್ತು ಎಂದು. ಒಂದೇ ಜೀವನವನ್ನು ನಾಲ್ವರು ನಾಲ್ಕು ಬಗೆಯಲ್ಲಿ ಹೇಳಿದ್ದಾರೆಂದು ನನಗೆ ತಿಳಿದದ್ದು ಹೀಗೆ. ಆಮೇಲೆ ಓದಿದ ಎಷ್ಟೋ ದೊಡ್ಡ ಪುಸ್ತಕಗಳು ಆ ಜಗಲಿಯ ಪಾಠದ ಮೇಲೆಯೇ ಕೂತಿವೆ.

ಅಜ್ಜಿಗೆ ಮಾತ್ರ ‘ಕರುಣಾಮಯುಡು’ ಆದಮೇಲೆ ಬೇರೆ ಯಾವ ಯೇಸುವೂ ಹಿಡಿಸಲಿಲ್ಲ. ಎ. ಭೀಮ್‌ಸಿಂಗ್ ನಿರ್ದೇಶನದ, 1978ರ ಆ ತೆಲುಗು ಚಿತ್ರದಲ್ಲಿ ವಿಜಯಚಂದರ್ ಯೇಸುವಾಗಿದ್ದರು. ನಮ್ಮ ಕಡೆ ತೆಲುಗು ತಿಳಿಯದವರು ಕಡಿಮೆ, ತಿಳಿಯದಿದ್ದರೂ ತೊಂದರೆಯಿರಲಿಲ್ಲ. ಶಿಲುಬೆ ಹೊತ್ತು ಆತ ಬೀಳುವಾಗ ಅಜ್ಜಿ ಜಪಸರ ಹಿಡಿದ ಕೈಯನ್ನು ಮುಂದಕ್ಕೆ ಚಾಚುತ್ತಿದ್ದಳು, ಎತ್ತಿಬಿಡುವವಳ ಹಾಗೆ. ಕೆಲವು ವರ್ಷಗಳ ನಂತರ, 1986ರಲ್ಲಿ, ಅದೇ ವಿಜಯಚಂದರ್ ಶಿರಡಿ ಸಾಯಿಬಾಬಾ ಆಗಿ ತೆರೆಗೆ ಬಂದರು. ಗೌಡರ ಮನೆಯ ಅಮ್ಮ ಅದನ್ನು ನೋಡಿ ಬಂದು ಅಜ್ಜಿಗೆ ಹೇಳಿದರು: “ನಿಮ್ಮ ಸ್ವಾಮಿಯೇ ಕಣಮ್ಮ ನಮ್ಮ ಬಾಬಾ ಆಗಿರೋದು.” ಅಜ್ಜಿಗೆ ಎಷ್ಟು ಸಂತೋಷವಾಯಿತೆಂದರೆ, ಅವರಿಬ್ಬರೂ ಆ ಮುಖದ ಬಗ್ಗೆ ಮಾತಾಡುತ್ತ ಒಲೆಯ ಮುಂದೆ ಕೂತೇಬಿಟ್ಟರು. ಆ ಎರಡು ಮನೆಗಳ ನಡುವೆ ಅಂಥ ಮಾತು ಸಹಜವಾಗಿತ್ತು ಎಂಬುದನ್ನು ನಾನು ಇಂದು ಒತ್ತಿ ಹೇಳಬೇಕಾಗಿ ಬಂದಿರುವುದು ನೋವಿನ ಸಂಗತಿ.

ತಪಸ್ಸುಕಾಲದ ನಲವತ್ತು ದಿನ ಮನೆಯಲ್ಲಿ ಮಾಂಸವಿಲ್ಲ, ಊರಲ್ಲಿ ಮದುವೆಯಿಲ್ಲ, ನಮಗೆ ಸಿನಿಮಾ ಇಲ್ಲ. ಭಕ್ತಿಚಿತ್ರಗಳಿಗೆ ಮಾತ್ರ ವಿನಾಯಿತಿ. ಹಾಗಾಗಿ ‘ಬೆನ್‌ಹರ್’ ಬೆಂಗಳೂರಿಗೆ ಮತ್ತೆ ಬಂದಾಗ ಚಿಕ್ಕಪ್ಪ ನಮ್ಮನ್ನೆಲ್ಲ ಸಿಟಿ ಬಸ್ಸು ಹತ್ತಿಸಿಕೊಂಡು ಹೊರಟ. ಅಜ್ಜಿಯೂ ಬಂದಳು. ವಿಲಿಯಂ ವೈಲರ್ ನಿರ್ದೇಶನದ 1959ರ ಚಿತ್ರ, ಹನ್ನೊಂದು ಆಸ್ಕರ್ ಗೆದ್ದದ್ದು, ನಡುವೆ ವಿರಾಮ ಕೊಟ್ಟರೂ ಮುಗಿಯದಂಥದ್ದು. ರಥದ ಓಟಕ್ಕೆ ಇಡೀ ಚಿತ್ರಮಂದಿರ ಕುರ್ಚಿಯ ಅಂಚಿಗೆ ಬಂದಿತ್ತು. ನನ್ನ ಮನಸ್ಸಿನಲ್ಲಿ ಉಳಿದದ್ದು ಅದಕ್ಕೂ ಮೊದಲಿನ ಒಂದು ದೃಶ್ಯ. ಸರಪಳಿ ಬಿಗಿದ ಕೈದಿ ನಜರೇತಿನಲ್ಲಿ ಬಾಯಾರಿ ಬಿದ್ದಿದ್ದಾನೆ, ಯಾರೋ ನೀರು ಕುಡಿಸುತ್ತಾರೆ. ರೋಮನ್ ಸೈನಿಕ ಗದರಿಸಲು ಬಂದು, ಆ ಮುಖ ನೋಡಿ ಸುಮ್ಮನೆ ಹಿಂದೆ ಸರಿಯುತ್ತಾನೆ. ಮುಖವನ್ನು ಚಿತ್ರ ನಮಗೆ ತೋರಿಸುವುದೇ ಇಲ್ಲ, ಕೊನೆಯವರೆಗೂ. ಬೆನ್ನು, ಕೈ, ಕೂದಲು ಅಷ್ಟೆ. ಮುಖ ನೋಡಲು ನಾನು ಪಕ್ಕಕ್ಕೆ ವಾಲಿದ್ದು ನೆನಪಿದೆ. ತೆರೆಯ ಮೇಲೆ ದೇವರನ್ನು ತರುವುದಾದರೆ ವೈಲರ್ ಹಿಡಿದ ದಾರಿಯೇ ಹೆಚ್ಚಿನದೆಂದು ಈಗಲೂ ನಂಬಿದ್ದೇನೆ. ನೋಡುವವನ ಪ್ರಾರ್ಥನೆಗೆ ಅದು ಜಾಗ ಬಿಡುತ್ತದೆ.

ಚಿತ್ರದ ಕೊನೆಗೆ ಬೆನ್‌ಹರ್‌ನ ತಾಯಿ ಮತ್ತು ತಂಗಿ ಕುಷ್ಠದಿಂದ ಗುಣವಾಗುತ್ತಾರೆ. ಅಜ್ಜಿ ಅಲ್ಲಿ ಅತ್ತಳು. ಇಂಗ್ಲಿಷಿನ ಒಂದು ಮಾತೂ ಅವಳಿಗೆ ಬರುತ್ತಿರಲಿಲ್ಲ. ಮಾಗಡಿ ರಸ್ತೆಯಲ್ಲಿ ಕುಷ್ಠರೋಗಿಗಳಿಗಾಗಿ 1978ರಲ್ಲಿ ಶುರುವಾದ ಸುಮನಹಳ್ಳಿಗೆ ನಮ್ಮ ಧರ್ಮಕೇಂದ್ರದ ಹೆಂಗಸರು ಹಬ್ಬದ ಮೊದಲು ಅಕ್ಕಿ, ಬೆಲ್ಲ, ಹಳೆಯ ಸೀರೆ ಒಯ್ಯುತ್ತಿದ್ದರು, ಅಜ್ಜಿಯೂ ಹೋಗುತ್ತಿದ್ದಳು. ಮನೆಯವರು ಕೈಬಿಟ್ಟವರ ಪಕ್ಕ ಕೂತು ಮಾತಾಡಿ ಬಂದವಳಿಗೆ ಆ ದೃಶ್ಯಕ್ಕೆ ಭಾಷೆ ಬೇಕಿರಲಿಲ್ಲ.

ಇನ್ನೊಂದು ಮಾತು. ಆಗಿನ ಎಷ್ಟೋ ಸಿನಿಮಾಗಳಲ್ಲಿ ಕ್ರೈಸ್ತ ಹೆಣ್ಣು ಎಂದರೆ ಗಿಡ್ಡ ಗೌನು, ಕೈಯಲ್ಲಿ ಗ್ಲಾಸು, ಕ್ಲಬ್ಬಿನ ಕುಣಿತ. ನಮ್ಮ ಅಮ್ಮಂದಿರು ಮಲ್ಲಿಗೆ ಮುಡಿದು, ಹಸಿರು ಬಳೆ ತೊಟ್ಟು, ತಾಳಿಯಲ್ಲಿ ಪುಟ್ಟ ಶಿಲುಬೆ ಇಟ್ಟುಕೊಂಡು, ಸೆರಗು ಹೊದ್ದು ಪೂಜೆಗೆ ಹೋಗುವವರು. ಅವರನ್ನು ತೆರೆಯ ಮೇಲೆ ನಾವು ಹುಡುಕಿ ಹುಡುಕಿ ಸೋತೆವು. ಪುಟ್ಟಣ್ಣ ಕಣಗಾಲರ 1972ರ ‘ನಾಗರಹಾವು’ ಚಿತ್ರವನ್ನು ದೂರದರ್ಶನದಲ್ಲಿ ನೋಡಿದ ದಿನ ಮಾತ್ರ ಅಮ್ಮ, ಅತ್ತೆಯರು ಮಾರ್ಗರೆಟ್‌ಳನ್ನು ನಮ್ಮ ಕೇರಿಯ ಹುಡುಗಿ ಎಂಬಂತೆ ಕಂಡರು. ಶುಭಾ ಅವರು ಮಾಡಿದ ಆ ಪಾತ್ರ ನಾಯಕ ರಾಮಾಚಾರಿಯೊಡನೆ ಚಿತ್ರದುರ್ಗದ ಬಂಡೆಗಳ ನಡುವೆ ಸಾವಿನಲ್ಲಿ ಮುಗಿದಾಗ ಮನೆಯಲ್ಲಿ ಯಾರೂ ಎದ್ದು ದೀಪ ಹಾಕಲಿಲ್ಲ. ಆಕೆಗೂ ಒಂದು ಮನಸ್ಸಿದೆ ಎಂದು ಪುಟ್ಟಣ್ಣ ತೋರಿಸಿದರು. ಅದಕ್ಕೆ ನನ್ನ ಕೃತಜ್ಞತೆ ಇದೆ.

ದೂರ ಪ್ರಯಾಣ ಎಂದರೆ ವೇಲಾಂಗಣ್ಣಿ. ಸೆಪ್ಟೆಂಬರ್ 8ರ ಮಾತೆಯ ಹಬ್ಬಕ್ಕೆ ಆಗಸ್ಟ್ 29ರಂದು ಅಲ್ಲಿ ಧ್ವಜ ಏರುತ್ತದೆ. ಅಷ್ಟರೊಳಗೆ ಊರಿನ ಮುಂದೆ ಬಾಡಿಗೆ ಬಸ್ಸು ನಿಂತಿರುತ್ತಿತ್ತು. ಹರಕೆ ಹೊತ್ತವರು ಕಾವಿ ಬಟ್ಟೆ ಉಟ್ಟಿರುತ್ತಿದ್ದರು. ಹೊಸೂರು ದಾಟುವವರೆಗೆ ಜಪಸರ, ಕೃಷ್ಣಗಿರಿಯ ಹೊತ್ತಿಗೆ ಪುಳಿಯೋಗರೆಯ ಬುತ್ತಿ. ಆಮೇಲೆ ವಿಡಿಯೋ ಹಾಕುತ್ತಿದ್ದರು. ಜೆಮಿನಿ ಗಣೇಶನ್, ಜಯಲಲಿತಾ ಇದ್ದ 1971ರ ತಮಿಳು ಚಿತ್ರ ‘ಅನ್ನೈ ವೇಲಾಂಗಣ್ಣಿ’. ಎಲ್ಲಿಗೆ ಹೋಗುತ್ತಿದ್ದೇವೋ ಆ ಸ್ಥಳದ ಮಹಿಮೆಯನ್ನು ಬಸ್ಸಿನ ಸಣ್ಣ ಪೆಟ್ಟಿಗೆಯಲ್ಲಿ ನೋಡುತ್ತಲೇ ಸೇಲಂ, ತಿರುಚಿ, ತಂಜಾವೂರು ದಾಟುತ್ತಿದ್ದೆವು. ಬೆಳಕು ಹರಿಯುವಾಗ ನಾಗಪಟ್ಟಣದ ಉಪ್ಪುಗಾಳಿ. ಕಡಲನ್ನು ನಾನು ಜೀವನದಲ್ಲಿ ಮೊದಲು ಕಂಡದ್ದು ಅಲ್ಲೇ. ತೀರ್ಥಯಾತ್ರೆಯೂ ಸಮುದ್ರವೂ ನನ್ನೊಳಗೆ ಇಂದಿಗೂ ಬೇರೆ ಬೇರೆಯಾಗಿಲ್ಲ.

ದೇವಾಲಯದಿಂದ ನಡುತಿಟ್ಟು ಎಂಬ ಸ್ಥಳದವರೆಗೆ ಮರಳ ಹಾದಿಯಲ್ಲಿ ಮೊಣಕಾಲೂರಿ ಸಾಗುವವರ ಸಾಲು. ಅಮ್ಮನೂ ಒಮ್ಮೆ ಹಾಗೆ ಹೋದಳು, ನನ್ನ ತಂಗಿಯ ಜ್ವರ ಇಳಿದುದಕ್ಕೆ. ನಾವು ಮಕ್ಕಳು ಅವಳ ಮುಂದೆ ಮರಳಿನ ಕಲ್ಲು ಹೆಕ್ಕುತ್ತ ನಡೆದೆವು. ಅವಳ ಅತ್ತಿತ್ತ ಸಾಗುತ್ತಿದ್ದವರಲ್ಲಿ ಕುಂಕುಮವಿಟ್ಟವರಿದ್ದರು. ತಲೆ ಬೋಳಿಸಿಕೊಂಡ ಮಕ್ಕಳು, ತೊಟ್ಟಿಲು ಕಟ್ಟುವ ಹೊಸ ದಂಪತಿ, ಆಳೆತ್ತರದ ಮೇಣದ ಬತ್ತಿ ಹೊತ್ತ ಮುದುಕರು, ಬೆಳ್ಳಿಯ ಕಣ್ಣು, ಬೆಳ್ಳಿಯ ಕಾಲು ಒಪ್ಪಿಸುವವರು. ಕನ್ನಡದ ಪೂಜೆ ಇದೆ ಎಂದು ಧ್ವನಿವರ್ಧಕದಲ್ಲಿ ಕೂಗಿದಾಗ, ಅಷ್ಟು ದೂರದಲ್ಲಿ ನಮ್ಮ ಮಾತು ಕೇಳಿ ನಮ್ಮವರೆಲ್ಲ ದಡಬಡನೆ ಎದ್ದು ಓಡಿದ್ದು ಈಗಲೂ ಕಣ್ಣಿಗೆ ಕಟ್ಟುತ್ತದೆ. 2004ರ ಡಿಸೆಂಬರ್ 26ರಂದು, ಕ್ರಿಸ್ಮಸ್ಸಿನ ಮರುದಿನ, ಅದೇ ಕಡಲು ಏರಿ ಬಂದು ಅಲ್ಲಿ ಸೇರಿದ್ದ ಯಾತ್ರಿಕರನ್ನು ಎಳೆದುಕೊಂಡು ಹೋಯಿತು. ಸುದ್ದಿ ಕೇಳಿದೊಡನೆ, ಹಿಂದೆ ಒಂದೇ ಬಸ್ಸಿನಲ್ಲಿ ಹೋಗಿದ್ದ ನಾವೆಲ್ಲ ಒಬ್ಬರಿಗೊಬ್ಬರು ಫೋನು ಮಾಡಿದೆವು. ಮಾತು ಹೊರಡದಿದ್ದಾಗ ಚಿಕ್ಕಪ್ಪ ಫೋನಿನಲ್ಲೇ ಜಪಸರ ಶುರುಮಾಡಿದ.

ಇಷ್ಟೆಲ್ಲ ನೋಡಿ ಸುತ್ತಿದ ಮೇಲೂ, ಯಾವ ಯೇಸು ನಿನಗೆ ಹತ್ತಿರದವನು ಎಂದು ಯಾರಾದರೂ ಕೇಳಿದರೆ ನಾನು ಹಾರೋಬೆಲೆಯ ಹೆಸರು ಹೇಳುತ್ತೇನೆ. ಕನಕಪುರದಾಚೆಯ ಆ ಕ್ರೈಸ್ತ ಹಳ್ಳಿಯಲ್ಲಿ ಪವಿತ್ರವಾರದಲ್ಲಿ ಆಡುವ ‘ಮಹಿಮೆ’ ನಾಟಕಕ್ಕೆ ನೂರು ವರ್ಷ ಮೀರಿದೆ. ರಾತ್ರಿಯಿಡೀ ನಡೆಯುವ ಅದರಲ್ಲಿ ಪಿಲಾತ, ಯೂದ, ಪೇತ್ರ, ಮರಿಯಮ್ಮ ಎಲ್ಲರೂ ಊರಿನವರೇ. ಊರ ಕಪಾಲಬೆಟ್ಟಕ್ಕೆ ಶಿಲುಬೆಹಾದಿ. ಡಬ್ಬಿಂಗಿನ ಯೇಸು ಪಠ್ಯಪುಸ್ತಕದ ಕನ್ನಡ ಆಡುತ್ತಿದ್ದರೆ, ಇಲ್ಲಿನ ಸ್ವಾಮಿಯ ಮಾತಿನಲ್ಲಿ ನಮ್ಮ ಸೀಮೆಯ ರಾಗವಿತ್ತು. ಹಿಂದೊಮ್ಮೆ ಗೆಳೆಯರೆಲ್ಲ ಸೇರಿ ಅಲ್ಲಿಗೆ ಹೋದಾಗ ಕಡೆಯ ಬಸ್ಸು ತುಂಬಿ, ಏಣಿ ಹಿಡಿದು ನಿಂತವರೂ ಇದ್ದರು. ಬೆಳಗಿನ ಜಾವ ಶಿಲುಬೆ ಏರಿದವನನ್ನು ಸೂರ್ಯ ಹುಟ್ಟಿದ ಮೇಲೆ ಹಿಪ್ಪುನೇರಳೆ ಸೊಪ್ಪಿನ ಹೊರೆಯೊಂದಿಗೆ ಕಂಡೆವು. ಹುಳುಗಳಿಗೆ ಮೇವು ಹಾಕುವ ಹೊತ್ತು ಅವನಿಗೆ ಆಗಿತ್ತು. ನಮ್ಮಲ್ಲೊಬ್ಬ ಓಡಿಹೋಗಿ ಹೊರೆಗೆ ಕೈ ಕೊಟ್ಟ.

ಹಾಗೆ ಕೈ ಕೊಟ್ಟ ಗೆಳೆಯ ಈಗ ದುಬೈಯಲ್ಲಿದ್ದಾನೆ. ಅಲ್ಲಿಂದ ಜೆರುಸಲೇಮಿಗೂ ಹೋಗಿ ಬಂದ, ನಿಜವಾದ ಕಪಾಲಗುಡ್ಡದ ಕಲ್ಲನ್ನು ಮುಟ್ಟಿ ಬಂದ. ಮೊನ್ನೆ ಫೋನಿನಲ್ಲಿ ಅದರ ಬಗ್ಗೆ ಬಹಳ ಹೊತ್ತು ಹೇಳಿ, ಕೊನೆಗೆ ಈ ವರ್ಷ ಮಹಿಮೆ ಯಾವ ರಾತ್ರಿ ಎಂದು ಕೇಳಿದ. ವಿಚಾರಿಸಿ ಹೇಳುತ್ತೇನೆ, ರಜೆ ಮಾತ್ರ ಈಗಲೇ ಬರೆದು ಹಾಕು ಎಂದಿದ್ದೇನೆ.