ನಳೋಪಾಖ್ಯಾನ

ಮಹಾಭಾರತದ ನಳ ಮಹಾರಾಜನಿಗೆ ವರುಣನು ಒಂದು ವರವನ್ನು ಕೊಟ್ಟಿದ್ದನಂತೆ: ಅವನು ಬಯಸಿದೆಡೆಯಲ್ಲಿ ನೀರು ದೊರೆಯುವುದು. ಬರಿದಾದ ಕೊಡವನ್ನು ಅವನು ನೋಡಿದರೆ ಸಾಕು, ಅದು ತುಂಬಿ ನಿಲ್ಲುತ್ತಿತ್ತು. ಹುಬ್ಬಳ್ಳಿ-ಧಾರವಾಡದ ಮನೆಗಳ ನಳನಿಗೆ ಹೆಸರು ಮಾತ್ರ ಉಳಿದು, ವರವು ಎಲ್ಲಿಯೋ ಕಳೆದುಹೋಗಿತ್ತು. ಐದು ದಿನಕ್ಕೋ ಎಂಟು ದಿನಕ್ಕೋ ಒಮ್ಮೆ, ಎಷ್ಟೋ ಓಣಿಗಳಲ್ಲಿ ಅಪರಾತ್ರಿಯ ವೇಳೆ, ಆತನು ದಯಮಾಡಿಸುತ್ತಿದ್ದನು. ಪುರಾಣದ ದಮಯಂತಿ ಮಲಗಿ ನಿದ್ರಿಸುತ್ತಿದ್ದಾಗ ನಳನು ತೊರೆದು ಹೋದನು. ಅವಳಿನಗರದ ದಮಯಂತಿಯರು ನಿದ್ರೆಗೆಟ್ಟು ಕುಳಿತು ನಳನ ಬರವಿಗಾಗಿ ಕಾದರು.

ಆ ಕಾಯುವಿಕೆಗೆ ಬೆಲೆಯಿಲ್ಲವೆಂದು ಯಾರು ಹೇಳಬಲ್ಲರು? ನೀರು ಬರುವ ದಿನ ಪರಸ್ಥಳಕ್ಕೆ ಹೋಗುವಂತಿಲ್ಲ. ನಂಟರ ಮದುವೆಯಲ್ಲಿ ಒಂದು ರಾತ್ರಿ ಉಳಿಯುವಂತಿಲ್ಲ. ದುಡಿದು ತಿನ್ನುವ ಹೆಣ್ಣುಮಗಳು ಆ ದಿನದ ಕೂಲಿಯನ್ನೇ ಬಿಡಬೇಕು. ಹಂಡೆ, ಕೊಡ, ಪೀಪಾಯಿ, ಕಡೆಗೆ ಸಾರಿನ ಪಾತ್ರೆಯನ್ನೂ ತುಂಬಿಸಿದ್ದಾಯಿತು. ಮರುಸರದಿಗೆ ಹೊಸ ನೀರು ಬಂದಿತೆಂದರೆ, ಉಳಿದ ಹಳೆಯ ನೀರು ಅಂಗಳದ ಪಾಲು! ಅಭಾವವೇ ದುಂದನ್ನು ಕಲಿಸುವ ವಿಚಿತ್ರವಿದು. ಇದಕ್ಕಿಂತಲೂ ಕೆಟ್ಟದ್ದು ಕಣ್ಣಿಗೆ ಕಾಣದು. ನೀರು ನಿಂತ ಕೊಳವೆಯಲ್ಲಿ ಒತ್ತಡವಿರುವುದಿಲ್ಲ. ಬಿರುಕುಗಳ ಮೂಲಕ ಪಕ್ಕದ ಚರಂಡಿಯ ಹೊಲಸು ಒಳಕ್ಕೆ ಇಳಿಯುತ್ತದೆ. ಸದಾ ತುಂಬಿ ಹರಿಯುವ ಕೊಳವೆಗೆ ಈ ಭಯವು ಬಹಳ ಕಡಿಮೆ.

ಈ ದುರವಸ್ಥೆಯ ಪರಿಹಾರಕ್ಕಾಗಿ 2004ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಒಂದು ಪ್ರಯೋಗವನ್ನು ಕೈಗೊಳ್ಳಲಾಯಿತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಜನರಲ್ಲಿ ಹತ್ತರಲ್ಲಿ ಸುಮಾರು ಒಂದು ಪಾಲಿಗೆ ಹಗಲಿರುಳೂ ನೀರು ಕೊಡುವ ಹೊಣೆಯು ಫ್ರಾನ್ಸಿನ ವಿಯೋಲಿಯಾ ಕಂಪನಿಯ ಪಾಲಿಗೆ ಬಂದಿತು. ಹಳೆಯ ಕೊಳವೆಗಳನ್ನು ಕೈಬಿಟ್ಟು ಹೊಸವನ್ನು ಹೂಳಿದರು. ಮನೆಮನೆಗೂ ಮೀಟರು ಕೂಡಿಸಿದರು. 2008ರ ವೇಳೆಗೆ ಆ ವಾರ್ಡುಗಳಲ್ಲಿ ನಳವನ್ನು ತಿರುವಿದಾಗಲೆಲ್ಲ ನೀರು ಬಂದಿತು. ಈ ದೇಶದಲ್ಲಿ ಇದು ಆಗದ ಮಾತು ಎನ್ನುತ್ತಿದ್ದವರು ಸುಮ್ಮನಾದರು.

ಹಾಗಾದರೆ ಎಲ್ಲ ನಗರಗಳೂ ನೀರನ್ನು ಗುತ್ತಿಗೆಗೆ ಕೊಟ್ಟು ನಿಶ್ಚಿಂತೆಯಿಂದ ಮಲಗಬಹುದೇ? ನಳ ಮಹಾರಾಜನೂ ಪಗಡೆಯ ಹಾಸಿನ ಮೇಲೆ ರಾಜ್ಯವನ್ನೇ ಸೋತವನೆಂಬುದನ್ನು ಇಲ್ಲಿ ನೆನೆಯಬೇಕು. ಬೊಲಿವಿಯಾ ದೇಶದ ಕೊಚಬಾಂಬಾ ನಗರದ ನೀರನ್ನು 1999ರಲ್ಲಿ ಖಾಸಗಿಯವರಿಗೆ ಒಪ್ಪಿಸಲಾಯಿತು. ದರವೇರಿತು, ಜನರು ಬೀದಿಗಿಳಿದರು, 2000ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಒಪ್ಪಂದವೇ ರದ್ದಾಯಿತು. ಹುಬ್ಬಳ್ಳಿಯಲ್ಲಿ ಕೀರ್ತಿ ಪಡೆದ ಕಂಪನಿಯಾದರೋ, ಪ್ಯಾರಿಸಿನಲ್ಲಿ ಸೇನ್ ನದಿಯ ಬಲದಂಡೆಗೆ 1985ರಿಂದ ನೀರು ಹಂಚುತ್ತಿತ್ತು; 2010ರಲ್ಲಿ ಆ ಮಹಾನಗರವು ಕೆಲಸವನ್ನು ತನ್ನ ಕೈಗೇ ಹಿಂದಕ್ಕೆ ಪಡೆಯಿತು.

ಒಂದೇ ಬಗೆಯ ಮಾತು ಒಂದು ಊರಿನಲ್ಲಿ ವರವಾಗಿ ಇನ್ನೊಂದರಲ್ಲಿ ಶಾಪವಾಗಲು ಕಾರಣವು ಒಪ್ಪಂದದ ಕಾಗದದಲ್ಲಿದೆ. ಕೊಚಬಾಂಬಾದಲ್ಲಿ ಕಂಪನಿಯ ವೆಚ್ಚವೂ ಲಾಭವೂ ಜನರ ಬಿಲ್ಲಿನಿಂದಲೇ ಹೊರಡಬೇಕಾಗಿತ್ತು. ಹುಬ್ಬಳ್ಳಿ-ಧಾರವಾಡದ ಪ್ರಯೋಗದಲ್ಲಿ ಬಂಡವಾಳವು ಸಾರ್ವಜನಿಕರದು; ದರ ಗೊತ್ತುಮಾಡುವ ಅಧಿಕಾರವು ಕಂಪನಿಯದಾಗಿರಲಿಲ್ಲ; ಅದಕ್ಕೆ ದೊರೆತುದು ಸಂಭಾವನೆ, ಗುರಿ ಮುಟ್ಟಿದರೆ ಮೇಲೊಂದಿಷ್ಟು. ಸಾರ್ವಜನಿಕರ ಹಣದಿಂದ ಹೂಳಿದ ಹೊಸ ಕೊಳವೆಯಿಲ್ಲದೆ ಯಾವ ಗುತ್ತಿಗೆದಾರನೂ ನೀರು ತರಲಾರನು. ಆ ಹಣವು ಸಾಲದೆ, ಉಳಿದ ಒಂಬತ್ತು ಪಾಲು ಜನರು ಕೊಡವನ್ನು ಸಾಲಿನಲ್ಲಿಟ್ಟೇ ವರ್ಷಗಳನ್ನು ಕಳೆದರು. 2020ರ ಹೊತ್ತಿಗೆ ಇಡೀ ಅವಳಿನಗರದ ಕೆಲಸವು ಎಲ್ ಆಂಡ್ ಟಿ ಕಂಪನಿಗೆ ಸಂದಿತು.

ನಳವನ್ನು ತಿರುವುವವರು ಸರಕಾರದವರೋ ಗುತ್ತಿಗೆದಾರರೋ ಎಂಬುದು ಗೃಹಿಣಿಗೆ ದೊಡ್ಡ ಮಾತಲ್ಲ. ನೀರು ಬಾರದ ದಿನ ಯಾರ ಬಾಗಿಲನ್ನು ತಟ್ಟಬೇಕು, ಬಿಲ್ಲು ಕೊಡಲಾರದ ಮನೆಯ ಕೊಡವನ್ನು ತುಂಬುವವರು ಯಾರು, ಇವೆರಡು ಅವಳ ಪ್ರಶ್ನೆಗಳು. ನಗರಸಭೆಯ ಸದಸ್ಯನು ಮತಕ್ಕಾಗಿಯಾದರೂ ಐದು ವರ್ಷಕ್ಕೊಮ್ಮೆ ಅವಳ ಮನೆಯ ಮೆಟ್ಟಿಲು ಹತ್ತುತ್ತಾನೆ. ಗುತ್ತಿಗೆದಾರನಿಗೆ ಆ ಹಂಗಿಲ್ಲ. ಆದುದರಿಂದ ಒಪ್ಪಂದಕ್ಕೆ ಸಹಿ ಬೀಳುವ ಮೊದಲೇ ಅದನ್ನು ಅವಳಿಗೆ ತಿಳಿಯುವ ಕನ್ನಡದಲ್ಲಿ ಬರೆದು, ವಾರ್ಡುವಾರ್ಡಿನಲ್ಲಿ ಓದಿ ಹೇಳಬೇಕು. ಆಮೇಲೆ ಕೇಳಿ ಫಲವಿಲ್ಲ.