ಬಂದ್ ಮಾಡಿದ್ರೂ ಜುಮ್ ಅನ್ನೋ ಕೂಲರ್

ಏಪ್ರಿಲ್ ಬಂತಂದ್ರೆ ನಮ್ಮ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಮೂಲೆಯಲ್ಲಿದ್ದ ಕೂಲರ್ ಹೊರಗೆ ಬರುತ್ತದೆ. ಅದರ ಹಿಂದೆಯೇ "ಮುಟ್ಟಬ್ಯಾಡ, ಜುಮ್ ಅಂತದ" ಅನ್ನೋ ಮಾತೂ ಬರುತ್ತದೆ. ತಗಡಿನ ಬಾಡಿ, ಒಳಗೆ ನೀರು, ಕೆಳಗೆ ಒದ್ದೆಯಾದ ಶಹಾಬಾದಿ ಪರಸಿ, ಅದರ ಮೇಲೆ ಬರಿಗಾಲು. ಕರೆಂಟಿಗೆ ಇದಕ್ಕಿಂತ ಸಲೀಸಾದ ದಾರಿ ಇನ್ನೇನು ಬೇಕು?

ಶಹಾಬಾದಿನ ನಮ್ಮ ಮನೆಯಲ್ಲಿ ಅವ್ವ ಈ ಜುಮ್‌ಗೆ ತನ್ನದೇ ಉಪಾಯ ಮಾಡಿಕೊಂಡಿದ್ದಳು. ಕೂಲರ್ ಮುಂದೆ ಒಂದು ಮರದ ಮಣೆ, ಕಾಲಿಗೆ ರಬ್ಬರ್ ಚಪ್ಪಲಿ. ಕಳೆದ ಬೇಸಿಗೆಯಲ್ಲಿ ನಾನು ಬೆಂಗಳೂರಿನಿಂದ ಹೋದಾಗ ಅಕ್ಕನೂ ಒಂದೂವರೆ ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದಳು. ಅವನಿಗೆಲ್ಲಿಯ ಚಪ್ಪಲಿ? ನೀರು ಕಂಡರೆ ಸಾಕು, ಕೂಲರ್ ಕಡೆಗೇ ಓಟ.

"ಯವ್ವಾ, ಬಂದ್ ಮಾಡಿ ಇಡೋಣು" ಅಂದೆ. ಅವ್ವ ತಣ್ಣಗೆ ಹೇಳಿದಳು, "ಬಂದ್ ಮಾಡಿದ್ರೂ ಜುಮ್ ಅಂತದಪ್ಪಾ ಅದು."

ಆ ಮಾತು ಕೇಳಿ ನನಗೆ ನಿಜಕ್ಕೂ ಹೆದರಿಕೆಯಾಯಿತು. ಸ್ವಿಚ್ ಕಡಿಯುವುದು ಫೇಸ್ ವೈರನ್ನು. ಅದು ಆಫ್ ಇದ್ದಾಗಲೂ ತಗಡಿಗೆ ಕರೆಂಟ್ ಬರುತ್ತಿದ್ದರೆ ತಪ್ಪು ಕೂಲರಿನದಲ್ಲ, ಮನೆಯ ವೈರಿಂಗಿನದು. ಮೇನ್ ಆಫ್ ಮಾಡಿ, ಪ್ಲಗ್ ಕಿತ್ತು, ಲೈಸೆನ್ಸ್ ಇರೋ ವೈರ್‌ಮನ್ ಕಾಕಾಗೆ ಫೋನ್ ಮಾಡಿದೆ.

ಅವರು ಟೆಸ್ಟರ್ ತೆಗೆಯುವ ಮೊದಲು ಒಂದು ಪ್ರಶ್ನೆ ಕೇಳಿದರು. "ಕೂಲರ್ ಹಚ್ಚಿದ್ರ ಬಲ್ಬ್ ಮಂಕ್ ಆಗ್ತಾವೇನ್ರೀ ಅಕ್ಕಾರ?"

"ಹೌದ್ರೀ, ಫ್ರಿಜ್ ಚಾಲೂ ಆದ್ರೂ ಆಗ್ತಾವ."

ಮೇನ್ ಆಫ್ ಇರುವುದನ್ನು ಖಾತ್ರಿ ಮಾಡಿಕೊಂಡು ಸಾಕೆಟ್ ಬಿಚ್ಚಿದರು. ಮೂರು ತೂತಿನಲ್ಲಿ ಮೇಲಿನ ದೊಡ್ಡದು ಅರ್ಥಿಂಗಿನದು. ಅಲ್ಲಿಗೆ ಹಸಿರು ವೈರೇ ಬಂದಿರಲಿಲ್ಲ. ಯಾವ ಕಾಲದಲ್ಲೋ ಯಾರೋ, ಪಕ್ಕದ ನ್ಯೂಟ್ರಲ್‌ನಿಂದ ಎರಡು ಬೆರಳುದ್ದದ ತುಂಡು ವೈರ್ ಎಳೆದು ಅರ್ಥಿಂಗಿಗೆ ಕಟ್ಟಿಬಿಟ್ಟಿದ್ದರು. ಮೇನ್ ಬೋರ್ಡಿನಲ್ಲಿ ನ್ಯೂಟ್ರಲ್ ಜಾಯಿಂಟ್ ಸಡಿಲಾಗಿ ಸುಟ್ಟು ಕಪ್ಪಾಗಿತ್ತು.

ಇವೆರಡೂ ಸೇರಿದ್ದೇ ಅಪಾಯ. ನ್ಯೂಟ್ರಲ್ ಗಟ್ಟಿ ಇರುವವರೆಗೆ ಆ ತುಂಡು ವೈರ್ ಸುಮ್ಮನಿರುತ್ತದೆ. ಸಡಿಲಾದರೆ ಫ್ರಿಜ್, ಫ್ಯಾನುಗಳಿಂದ ವಾಪಸ್ ಹೋಗಬೇಕಾದ ಕರೆಂಟಿಗೆ ದಾರಿ ಇಕ್ಕಟ್ಟಾಗಿ, ನ್ಯೂಟ್ರಲ್‌ನಲ್ಲೇ ವೋಲ್ಟೇಜ್ ಏರುತ್ತದೆ. ತುಂಡು ವೈರ್ ಅದನ್ನು ಸೀದಾ ಕೂಲರಿನ ತಗಡಿಗೆ ತಲುಪಿಸುತ್ತದೆ. ಜಾಯಿಂಟ್ ಪೂರ್ತಿ ಕಳಚಿದರೆ ತಗಡಿನ ಮೇಲೆ 230 ವೋಲ್ಟ್! ಕೂಲರಿನ ಸ್ವಿಚ್ ಆಫ್ ಇದ್ದರೂ ಅಷ್ಟೇ.

"ಎಂಸಿಬಿ ಅದ ಅಲ್ಲ ಕಾಕಾ?" ಅಂದೆ.

"ಅದು ವೈರ್ ಸುಡಬಾರ್ದಂತ ಇರೋದು ತಮ್ಮಾ. ಮನಷ್ಯಾರಿಗೆ ಅಲ್ಲ."

ನಿಜ. 16 ಆಂಪಿಯರಿನ ಎಂಸಿಬಿ ಬೀಳಬೇಕಾದರೆ ಅದಕ್ಕಿಂತ ಹೆಚ್ಚು ಕರೆಂಟ್ ಹರಿಯಬೇಕು. ಜೀವ ಹೋಗಲು 0.1 ಆಂಪಿಯರ್ ಸಾಕು. ಮನುಷ್ಯರಿಗಾಗಿ ಇರುವುದು 30 ಮಿಲಿಆಂಪಿಯರಿನ ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ ಅಷ್ಟು ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವುದರೊಳಗೆ ಕಡಿದುಬಿಡುತ್ತದೆ.

ತುಂಡು ವೈರ್ ಹೋಯಿತು, ಜಾಯಿಂಟ್ ಹೊಸದಾಯಿತು, ಪ್ರತಿ ಸಾಕೆಟ್ಟಿಗೂ ಹಸಿರು ವೈರ್ ಬಂತು, ಆರ್‌ಸಿಸಿಬಿ ಕೂತಿತು. ಕಷ್ಟವಾದದ್ದು ಅರ್ಥಿಂಗ್ ಗುಂಡಿ. ಪರಸಿಯ ಊರಲ್ಲವೇ, ಹಿತ್ತಲಲ್ಲಿ ಸ್ವಲ್ಪ ಅಗೆದರೆ ಕಲ್ಲು. ಕೊನೆಗೆ ಬಚ್ಚಲ ನೀರು ಹೋಗುವ ಕಡೆ, ತೇವ ಇರುವಲ್ಲಿ ತೋಡಿ, ಇದ್ದಿಲು, ಉಪ್ಪು ತುಂಬಿದರು. ಒಣ ಮಣ್ಣಿನಲ್ಲಿ ಅರ್ಥಿಂಗ್ ಸರಿಯಾಗಿ ಕೆಲಸ ಮಾಡದು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು. ಈಗ ಅದು ಅವ್ವನ ಕೆಲಸ, ತುಳಸಿಗೆ ಹಾಕಿದ ಮೇಲೆ ಅದಕ್ಕೂ ಒಂದು ಕೊಡ.

ನಿಮ್ಮ ಮನೆಯಲ್ಲೂ ಇಷ್ಟು ಗಮನಿಸಿ:

• ಒಂದು ಉಪಕರಣ ಚಾಲೂ ಆದಾಗ ಉಳಿದ ಬಲ್ಬ್ ಮಂಕಾಗುವುದು, ಅಥವಾ ಹೆಚ್ಚು ಪ್ರಖರವಾಗುವುದು.
• ಸ್ವಿಚ್ ಬೋರ್ಡ್, ಪ್ಲಗ್ ಬಿಸಿಯಾಗುವುದು, ಸುಟ್ಟ ವಾಸನೆ.
• ಕೂಲರ್, ಫ್ರಿಜ್, ಗೀಸರಿಗೆ ಎರಡೇ ಪಿನ್ನಿನ ಪ್ಲಗ್ ಹಾಕಿರುವುದು.
• ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿದರೂ ಅದು ಬೀಳದಿರುವುದು.

ಟೆಸ್ಟರ್ ಹೊತ್ತಲಿಲ್ಲ ಅಂದಮಾತ್ರಕ್ಕೆ ಸುರಕ್ಷಿತ ಅಂತ ತಿಳಿಯಬೇಡಿ. ಬೋರ್ಡ್ ನೀವೇ ಬಿಚ್ಚಬೇಡಿ. ಕಂಬದಿಂದ ಮೀಟರ್‌ವರೆಗಿನ ತೊಂದರೆಗೆ 1912ಕ್ಕೆ ಕರೆ ಮಾಡಿ. ಯಾರಿಗಾದರೂ ಶಾಕ್ ಹೊಡೆಯುತ್ತಿದ್ದರೆ ಅವರನ್ನು ಮುಟ್ಟದೆ ಮೊದಲು ಮೇನ್ ಆಫ್ ಮಾಡಿ.

ಊರು ಬಿಟ್ಟು ದೂರದಲ್ಲಿ ಕೆಲಸ ಮಾಡುವ ನಾವು ಫೋನಿನಲ್ಲಿ ಊಟ, ಬಿಪಿ, ಗುಳಿಗೆ ಎಲ್ಲ ಕೇಳುತ್ತೇವೆ. ಇದನ್ನೂ ಕೇಳಿ, "ಮನ್ಯಾಗ ಏನರ ಮುಟ್ಟಿದ್ರ ಜುಮ್ ಅಂತದೇನು?" ಅವ್ವಂದಿರು ಇಂಥದ್ದನ್ನು ತಾವಾಗಿ ಹೇಳುವುದಿಲ್ಲ. ಮಣೆ ಇಟ್ಟುಕೊಂಡು ಸುಮ್ಮನಾಗಿಬಿಡುತ್ತಾರೆ.